ರೋಬೋಕಾಪ್: ರೋಗ್ ಸಿಟಿ – ಠಾಣೆಯ ಕೌಂಟರಿನಲ್ಲಿ ನಿಂತು ದೂರು ಕೇಳುವ ಹೀರೋ

ರೋಬೋಕಾಪ್ ವಿಡಿಯೋ ಗೇಮ್ ಶುರುಮಾಡಿ ಸುಮಾರು ಎರಡು ಗಂಟೆ ಆಗಿತ್ತು. ಅಷ್ಟರಲ್ಲಿ ಪುಂಡರ ಗುಂಪೊಂದು ಒತ್ತೆ ಇಟ್ಟುಕೊಂಡಿದ್ದ ಟಿವಿ ಸ್ಟೇಷನ್‌ಗೆ ನುಗ್ಗಿ, ಗೋಡೆ ಒಡೆದು, ಸಿಕ್ಕವರನ್ನೆಲ್ಲ ಮಲಗಿಸಿ ಹೊರಗೆ ಬಂದಿದ್ದೆ. ಮುಂದೆ ಏನು ಕೆಲಸ ಕೊಡುತ್ತಾರೋ, ಇನ್ನೂ ದೊಡ್ಡ ಹೊಡೆದಾಟ ಇರಬೇಕು ಅಂದುಕೊಂಡೆ. ನೋಡಿದರೆ, ಪೊಲೀಸ್ ಠಾಣೆಯ ಮುಂದಿನ ಕೌಂಟರಿನಲ್ಲಿ ನಿಂತು ಜನರ ದೂರು ಕೇಳಬೇಕು. ಅಷ್ಟೇ ಕೆಲಸ. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಬರುತ್ತಾರೆ, ತಮ್ಮ ಗೋಳು ಹೇಳಿಕೊಳ್ಳುತ್ತಾರೆ, ಮೈತುಂಬ ಉಕ್ಕು ಹೊತ್ತ ಈ ಪೊಲೀಸಪ್ಪ ಅಷ್ಟೇ ಗಂಭೀರವಾಗಿ ಕೇಳಿಸಿಕೊಂಡು ಉತ್ತರ ಕೊಡುತ್ತಾನೆ. ಆ ಕೌಂಟರಿನ ಹತ್ತು ನಿಮಿಷ ಮುಗಿಯುವ ಹೊತ್ತಿಗೆ ನನಗೆ ಈ ಗೇಮ್ ಮೇಲೆ ಪೂರ್ತಿ ಪ್ರೀತಿ ಹುಟ್ಟಿಬಿಟ್ಟಿತ್ತು.

ಶಿವಮೊಗ್ಗದಲ್ಲಿರುವ ತಮ್ಮನಿಗೆ ಅವತ್ತೇ ರಾತ್ರಿ ಫೋನ್ ಮಾಡಿದೆ. ಅವನು ನನಗಿಂತ ಜಾಸ್ತಿ ಗೇಮ್ ಆಡುವವನು. ಹೆಸರು ಕೇಳಿದ ಕೂಡಲೇ, "ಸಿನಿಮಾ ಹೆಸರಲ್ಲಿ ಬಂದಿರೋ ಗೇಮ್ ಅಲ್ವಾ ಅಣ್ಣ? ಬಿಡು, ದುಡ್ಡು ದಂಡ" ಅಂದ. ಅವನ ಮಾತಿನಲ್ಲಿ ತಪ್ಪೇನಿಲ್ಲ. ನಾವಿಬ್ಬರೂ ಇಂಥ ಗೇಮ್‌ಗಳಿಂದ ಸಾಕಷ್ಟು ಸಲ ಕೈ ಸುಟ್ಟುಕೊಂಡವರೇ. ಅದಕ್ಕೇ ಈ ವಿಮರ್ಶೆಯನ್ನು ಅವನಂಥವರಿಗಾಗಿಯೇ ಬರೆಯುತ್ತಿದ್ದೇನೆ.

ಸಿನಿಮಾ ಆಧಾರಿತ ಗೇಮ್ ಅಂದರೆ ಜನ ಯಾಕೆ ಮೂಗು ಮುರಿಯುತ್ತಾರೆ ಅನ್ನುವುದಕ್ಕೆ ದೊಡ್ಡ ಇತಿಹಾಸವೇ ಇದೆ. 1982ರಲ್ಲಿ ಅಟಾರಿ ಕಂಪನಿ ಸ್ಪೀಲ್‌ಬರ್ಗ್ ಅವರ 'ಇ.ಟಿ.' ಸಿನಿಮಾವನ್ನು ಗೇಮ್ ಮಾಡಿತು. ಕ್ರಿಸ್‌ಮಸ್ ಮಾರಾಟಕ್ಕೆ ಸಿಗಲೇಬೇಕು ಅಂತ ಹೊವರ್ಡ್ ಸ್ಕಾಟ್ ವಾರ್ಷಾ ಅನ್ನುವ ಪ್ರೋಗ್ರಾಮರ್‌ಗೆ ಕೊಟ್ಟಿದ್ದು ಐದೇ ಐದು ವಾರ. ಕೊನೆಗೆ ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೋದ ಅಲಮೊಗಾರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಲ್ಲಿ ಅಗೆದಾಗ ಅವು ನಿಜವಾಗಿಯೂ ಸಿಕ್ಕವು. ಆಮೇಲಿನ ವರ್ಷಗಳಲ್ಲೂ ಕಥೆ ಹೆಚ್ಚು ಬದಲಾಗಲಿಲ್ಲ. ಸಿನಿಮಾ ಬಿಡುಗಡೆಯ ದಿನಕ್ಕೇ ಗೇಮ್ ಕೂಡ ಅಂಗಡಿಗೆ ಬರಬೇಕು, ಹಾಗಾಗಿ ಅರೆಬೆಂದಿದ್ದನ್ನೇ ಬಡಿಸಿಬಿಡುತ್ತಾರೆ. ಪೋಸ್ಟರ್ ನೋಡಿ ಜನ ಕೊಳ್ಳುತ್ತಾರೆ ಅನ್ನುವ ಧೈರ್ಯ ಬೇರೆ. 1997ರ, ಜೇಮ್ಸ್ ಬಾಂಡ್ ಸಿನಿಮಾ ಆಧಾರಿತ 'ಗೋಲ್ಡನ್‌ಐ'ನಂಥ ಗೇಮ್ ಚೆನ್ನಾಗಿ ಬರಲು ಒಂದು ಕಾರಣ ಇಲ್ಲೇ ಇದೆ. ಅದು ಸಿನಿಮಾ ಬಂದು ಸುಮಾರು ಎರಡು ವರ್ಷ ಆದಮೇಲೆ ಬಂತು. ಮಾಡುವವರಿಗೆ ಕೆಲಸ ಮುಗಿಸಲು ಸಮಯ ಸಿಕ್ಕಿತ್ತು.

ರೋಬೋಕಾಪ್ ವಿಷಯಕ್ಕೆ ಬಂದರೆ ಅನುಮಾನ ಪಡಲು ಇನ್ನೂ ಒಂದು ಕಾರಣ ಇತ್ತು. ಇದನ್ನು ಮಾಡಿದ್ದು ಪೋಲೆಂಡಿನ ಟೇಯಾನ್ ಅನ್ನುವ ಸ್ಟುಡಿಯೋ. ಇವರೇ 2014ರಲ್ಲಿ ರ‍್ಯಾಂಬೋ ಸಿನಿಮಾಗಳ ಮೇಲೆ ಒಂದು ಗೇಮ್ ಮಾಡಿದ್ದರು, ಅದನ್ನು ವಿಮರ್ಶಕರು ಹರಿದು ಹಾಕಿದ್ದರು. ಆದರೆ ಇವರು ಅಲ್ಲಿಗೆ ಕೈಚೆಲ್ಲಿ ಕೂರಲಿಲ್ಲ. 2019ರಲ್ಲಿ 'ಟರ್ಮಿನೇಟರ್: ರೆಸಿಸ್ಟೆನ್ಸ್' ತಂದರು. ಅದಕ್ಕೂ ಪತ್ರಿಕೆಗಳಲ್ಲಿ ಒಳ್ಳೆಯ ಅಂಕ ಬೀಳಲಿಲ್ಲ, ಆದರೆ ಆಡಿದ ಜನ ಮೆಚ್ಚಿಕೊಂಡರು. ನಾನೂ ಆಡಿದ್ದೆ. ಕಡಿಮೆ ದುಡ್ಡಿನಲ್ಲಿ ಮಾಡಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು, ಆದರೂ ಆ ಸಿನಿಮಾವನ್ನು ನಿಜವಾಗಿ ಇಷ್ಟಪಟ್ಟವರು ಮಾಡಿದ್ದಾರೆ ಅನ್ನುವುದೂ ಅಷ್ಟೇ ಚೆನ್ನಾಗಿ ಗೊತ್ತಾಗುತ್ತಿತ್ತು. ಅದೇ ತಂಡ 2023ರ ನವೆಂಬರ್‌ನಲ್ಲಿ 'ರೋಬೋಕಾಪ್: ರೋಗ್ ಸಿಟಿ' ತಂದಿತು. ಪ್ರಕಟಿಸಿದ್ದು ನೇಕಾನ್ ಅನ್ನುವ ಕಂಪನಿ. ಪಿಸಿ, ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಮೂರರಲ್ಲೂ ಆಡಬಹುದು.

ಸಿನಿಮಾ ನೋಡದವರಿಗೆ ಎರಡು ಮಾತು. 1987ರಲ್ಲಿ ಪಾಲ್ ವೆರ್‌ಹೂವನ್ ನಿರ್ದೇಶಿಸಿದ ಚಿತ್ರ ಅದು. ಮುಂದಿನ ಕಾಲದ ಡೆಟ್ರಾಯಿಟ್ ನಗರ. ಊರು ಪೂರ್ತಿ ಹಾಳುಬಿದ್ದಿದೆ, ಅಪರಾಧ ಮಿತಿಮೀರಿದೆ, ಪೊಲೀಸ್ ಇಲಾಖೆಯನ್ನು ಓಸಿಪಿ ಅನ್ನುವ ಖಾಸಗಿ ಕಂಪನಿ ನಡೆಸುತ್ತಿದೆ. ಅಲೆಕ್ಸ್ ಮರ್ಫಿ ಅನ್ನುವ ಪೊಲೀಸನನ್ನು ಗೂಂಡಾಗಳು ಕ್ರೂರವಾಗಿ ಕೊಲ್ಲುತ್ತಾರೆ. ಕಂಪನಿ ಅವನ ದೇಹದಲ್ಲಿ ಉಳಿದಿದ್ದನ್ನು ತೆಗೆದುಕೊಂಡು ಯಂತ್ರಕ್ಕೆ ಜೋಡಿಸಿ ರೋಬೋಕಾಪ್ ಮಾಡುತ್ತದೆ. ಕಂಪನಿಯ ಲೆಕ್ಕದಲ್ಲಿ ಅವನು ಒಂದು ಸಾಮಾನು. ಆದರೆ ಹೆಂಡತಿ, ಮಗ, ಮನೆ ಎಲ್ಲ ಅವನಿಗೆ ತುಣುಕು ತುಣುಕಾಗಿ ನೆನಪಾಗುತ್ತಾ ಹೋಗುತ್ತದೆ. ಹೊಡೆದಾಟದ ಸಿನಿಮಾ ಅಂತ ನೋಡಲು ಕೂತವರಿಗೆ ಕೊನೆಗೆ ಗಂಟಲು ಕಟ್ಟುತ್ತದೆ. ನಾನು ಮೊದಲು ನೋಡಿದ್ದು ದೊಡ್ಡಪ್ಪನ ಮನೆಯ ಕೇಬಲ್ ಟಿವಿಯಲ್ಲಿ, ಒಂದು ಬೇಸಿಗೆ ರಜೆಯಲ್ಲಿ. ಅವನು ಖಾಲಿ ಮನೆಯೊಳಗೆ ನಡೆದಾಡುತ್ತಾ ಹಳೆಯದನ್ನು ನೆನೆಸಿಕೊಳ್ಳುವ ದೃಶ್ಯ ಇದೆಯಲ್ಲ, ಅದು ಇವತ್ತಿಗೂ ಕಣ್ಣ ಮುಂದಿದೆ.

ಗೇಮಿನ ಕಥೆ ಎರಡನೇ ಮತ್ತು ಮೂರನೇ ಸಿನಿಮಾಗಳ ನಡುವಿನ ಕಾಲದ್ದು. ಕಥೆ ಹೊಸದು, ಸಿನಿಮಾದ ದೃಶ್ಯಗಳನ್ನೇ ಮತ್ತೆ ಆಡಿಸುವುದಿಲ್ಲ. ಇದೇ ಮೊದಲ ಒಳ್ಳೆಯ ನಿರ್ಧಾರ. ಜೊತೆಗಾತಿ ಆನ್ ಲೂಯಿಸ್, ಸದಾ ಸಿಡುಕುವ ಸಾರ್ಜೆಂಟ್ ರೀಡ್ ಇಬ್ಬರೂ ಇದ್ದಾರೆ. ಎರಡನೇ ಸಿನಿಮಾದಲ್ಲಿ ಬಂದ 'ನ್ಯೂಕ್' ಅನ್ನುವ ಮಾದಕ ಪದಾರ್ಥ ಇನ್ನೂ ಬೀದಿಯಲ್ಲಿ ಓಡಾಡುತ್ತಿದೆ. ಊರಿಗೆ ಹೊಸಬನೊಬ್ಬ ಬಂದಿದ್ದಾನೆ, ಗೂಂಡಾಗಳೆಲ್ಲ ಅವನ ಕಣ್ಣಿಗೆ ಬೀಳಲು ಪೈಪೋಟಿಗೆ ಬಿದ್ದಿದ್ದಾರೆ. ಇದರ ನಡುವೆ ಮೇಯರ್ ಚುನಾವಣೆ ಬೇರೆ ನಡೆಯುತ್ತಿದೆ. ಕಥೆಯನ್ನು ಇದಕ್ಕಿಂತ ಜಾಸ್ತಿ ಬಿಟ್ಟುಕೊಡುವುದಿಲ್ಲ.

ಈಗ ಆಡುವುದರ ಬಗ್ಗೆ. ಮೊದಲು ಗಮನಕ್ಕೆ ಬರುವುದು ಹೆಜ್ಜೆ. ಧಡ್, ಧಡ್, ಧಡ್. ಈಗಿನ ಶೂಟಿಂಗ್ ಗೇಮ್‌ಗಳಲ್ಲಿ ಹೀರೋ ಓಡುತ್ತಾನೆ, ಜಾರುತ್ತಾನೆ, ಗೋಡೆ ಹತ್ತುತ್ತಾನೆ, ಗಾಳಿಯಲ್ಲಿ ಎರಡು ಸಲ ಹಾರುತ್ತಾನೆ. ಇವನು ಹಾರುವುದಿಲ್ಲ. ಕೂತು ಅಡಗಿಕೊಳ್ಳುವುದಿಲ್ಲ. ನಡೆಯುತ್ತಾನೆ. ಗುಂಡಿನ ಮಳೆ ಸುರಿಯುತ್ತಿದ್ದರೂ ಅದೇ ನಡಿಗೆ, ಮೈಮೇಲೆ ಗುಂಡು ಟಣ್ ಟಣ್ ಅಂತ ಬಡಿದು ಕಿಡಿ ಹಾರುತ್ತಿದ್ದರೂ ಅದೇ ನಡಿಗೆ. ಮೊದಲ ಐದು ನಿಮಿಷ 'ಇದೇನು ಇಷ್ಟು ನಿಧಾನ' ಅನಿಸುತ್ತದೆ, ಕೈ ಸುಮ್ನೆ ಓಡುವ ಗುಂಡಿಯನ್ನೇ ಒತ್ತುತ್ತಿರುತ್ತದೆ. ಆಮೇಲೆ ಒಂದು ಕ್ಷಣದಲ್ಲಿ ಅರ್ಥ ಆಗುತ್ತದೆ. ಓಡುವ ಅಗತ್ಯವೇ ಇವನಿಗೆ ಇಲ್ಲ. ಓಡಬೇಕಾದವರು ಎದುರಿಗಿರುವವರು.

ಸಿನಿಮಾದಲ್ಲೂ ಆ ನಡಿಗೆ ತಾನಾಗಿ ಬಂದದ್ದಲ್ಲ. ನಟ ಪೀಟರ್ ವೆಲ್ಲರ್ ಅದಕ್ಕಾಗಿ ಮೋನಿ ಯಾಕಿಮ್ ಅನ್ನುವ ಮೂಕಾಭಿನಯದ ಗುರುವಿನ ಹತ್ತಿರ ತಿಂಗಳುಗಟ್ಟಲೆ ಕಲಿತಿದ್ದರು. ಮೊದಲು ಕತ್ತು ತಿರುಗುತ್ತದೆ, ಆಮೇಲೆ ಮೈ ತಿರುಗುತ್ತದೆ. ಆ ಒಂದು ಚಲನೆಯಲ್ಲೇ ಪಾತ್ರದ ಅರ್ಧ ಜೀವ ಇದೆ. ಗೇಮ್ ಮಾಡಿದವರು ಇದನ್ನು ಸರಿಯಾಗಿ ಹಿಡಿದಿದ್ದಾರೆ. ಈಗಿನ ಆಟಗಾರರಿಗೆ ಬೇಸರ ಆದೀತು ಅಂತ ಹೆದರಿ ಅವನನ್ನು ಚುರುಕು ಮಾಡಿದ್ದರೆ ಕೆಟ್ಟುಹೋಗುತ್ತಿತ್ತು. ಉಕ್ಕಿನ ಬಣ್ಣ ಬಳಿದುಕೊಂಡ ಇನ್ನೊಬ್ಬ ಸೈನಿಕ ಆಗಿರುತ್ತಿದ್ದ, ಅಷ್ಟೇ.

ಟಿವಿ ಸ್ಟೇಷನ್‌ನ ಒಂದು ಕೋಣೆಯನ್ನು ಹೇಳುತ್ತೇನೆ ಕೇಳಿ. ಗೋಡೆಯ ಆಚೆ ಒತ್ತೆಯಾಳುಗಳಿದ್ದಾರೆ, ಪುಂಡರ ಕೈಯಲ್ಲಿ ಬಂದೂಕು. ಗೋಡೆಗೆ ಭುಜ ಕೊಟ್ಟರೆ ಇಟ್ಟಿಗೆ ಸಿಡಿಯುತ್ತದೆ, ಸಮಯ ನಿಧಾನವಾಗುತ್ತದೆ. ಧೂಳಿನ ನಡುವೆ ಹಸಿರು ಗೆರೆಗಳಲ್ಲಿ ಒಬ್ಬೊಬ್ಬರೂ ಎದ್ದು ಕಾಣುತ್ತಾರೆ. ಬಲಗಡೆಯವನಿಗೆ ಮೂರು ಗುಂಡು. ಎಡಗಡೆಯವನ ಕುತ್ತಿಗೆಗೆ ಕೈ ಹಾಕಿ ಎತ್ತಿ ಅವನ ಗೆಳೆಯನ ಮೇಲೇ ಎಸೆದೆ. ಮೂರನೆಯವನು ಮೇಜಿನ ಹಿಂದೆ ಅಡಗಿದ್ದ. ಪಕ್ಕದಲ್ಲಿ ಹಳೇ ಕಾಲದ ದಪ್ಪ ಕಂಪ್ಯೂಟರ್ ಮಾನಿಟರ್ ಇತ್ತು, ಅದನ್ನೇ ಕಿತ್ತು ಬೀಸಿದೆ. ಕಾಗದಗಳು ಹಾರಿದವು, ಟ್ಯೂಬ್‌ಲೈಟ್ ಒಡೆದು ಕಿಡಿ ಬಿತ್ತು. ಕೋಣೆ ತಣ್ಣಗಾಗುವ ಹೊತ್ತಿಗೆ ಸರಿಯಾಗಿ ಸಿನಿಮಾಗೆ ಬೇಸಿಲ್ ಪೊಲೆಡೌರಿಸ್ ಕೊಟ್ಟಿದ್ದ ಆ ಹಳೆಯ ಸಂಗೀತ ನೆನಪಾಗುವಂತೆ ತಾಳ ಏರುತ್ತದೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತುಬಿಟ್ಟೆ.

ಕೈಯಲ್ಲಿರುವುದು ಅದೇ ಆಟೋ-9 ಪಿಸ್ತೂಲು. ಸಿನಿಮಾದವರು ಬೆರೆಟ್ಟಾ 93ಆರ್ ಅನ್ನುವ ಇಟಲಿಯ ಪಿಸ್ತೂಲಿಗೆ ಉದ್ದನೆಯ ಮೂತಿ ಕೂರಿಸಿ ಮಾಡಿದ್ದ ಬಂದೂಕು ಅದು. ಗೇಮಿನಲ್ಲಿ ಇದರ ಗುಂಡು ಮುಗಿಯುವುದೇ ಇಲ್ಲ. ಬಿದ್ದವರ ಬಂದೂಕು ಎತ್ತಿಕೊಂಡು ಬಳಸಬಹುದು, ಆದರೆ ನಾನಂತೂ ಹೆಚ್ಚಿನ ಹೊತ್ತು ಆಟೋ-9 ಬಿಡಲಿಲ್ಲ. ಇದನ್ನು ಬಲಪಡಿಸುವ ರೀತಿ ಮಜವಾಗಿದೆ. ಪಿಸ್ತೂಲಿನೊಳಗೆ ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತದೆ, ಅದರಲ್ಲಿ ದಾರಿಯಲ್ಲಿ ಸಿಕ್ಕ ಚಿಪ್‌ಗಳನ್ನು ಕೂರಿಸುತ್ತಾ ಕರೆಂಟಿನ ದಾರಿ ಎಳೆಯಬೇಕು. ಒಳ್ಳೆಯ ಮನೆಗಳನ್ನು ಮುಟ್ಟಿಸಿ, ಕೆಟ್ಟ ಮನೆಗಳನ್ನು ತಪ್ಪಿಸಿ ಹೋಗಬೇಕು. ಒಂದು ಚಿಪ್ ತಿರುಗಿಸಿದರೆ ಇನ್ನೊಂದು ಕಡೆ ದಾರಿ ತಪ್ಪುತ್ತದೆ. ರಾತ್ರಿ ಹನ್ನೊಂದಕ್ಕೆ ಮಲಗೋಣ ಅಂತ ಎದ್ದವನು ಈ ಬೋರ್ಡ್ ಹಿಡಿದುಕೊಂಡು ಅರ್ಧ ಗಂಟೆ ಕೂತಿದ್ದೂ ಇದೆ.

ಇದರ ಜೊತೆಗೆ ರೋಬೋಕಾಪ್‌ನ ಸಾಮರ್ಥ್ಯಗಳು ಎಂಟು ಕವಲುಗಳಲ್ಲಿ ಬೆಳೆಯುತ್ತವೆ. ಮೈಗೆ ಬಡಿದ ಗುಂಡು ಹೊಡೆದವನ ಕಡೆಗೇ ವಾಪಸ್ ಹೋಗುವ ಹಾಗೆ ಮಾಡಬಹುದು. ಗುರುತು ಹಾಕಿದ ಲೋಹದ ಫಲಕಕ್ಕೆ ಗುಂಡು ಹೊಡೆದು, ಅದು ಚಿಮ್ಮಿ ಮರೆಯಲ್ಲಿರುವವನಿಗೆ ತಾಗುವ ಹಾಗೆ ಮಾಡಬಹುದು. ಗೋಡೆಯ ಕರೆಂಟ್ ಪೆಟ್ಟಿಗೆಯಿಂದ ಶಕ್ತಿ ತುಂಬಿಕೊಳ್ಳಬಹುದು. ಇದೆಲ್ಲ ಬೇರೆ ಗೇಮ್‌ಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತದೆ ಅನ್ನಿ. ನನಗೆ ಇಷ್ಟವಾದದ್ದು ಉಳಿದ ಎರಡು ಕವಲು. ಒಂದು ತನಿಖೆಯ ಜಾಣ್ಮೆ, ಇನ್ನೊಂದು ಮನುಷ್ಯರ ಮನಸ್ಸು ಅರಿಯುವುದು. ಎರಡರಲ್ಲೂ ಬೆಳೆಯುತ್ತಾ ಹೋದರೆ ಮಾತುಕತೆಯಲ್ಲಿ ಹೊಸ ದಾರಿಗಳು ತೆರೆದುಕೊಳ್ಳುತ್ತವೆ. ಶೂಟಿಂಗ್ ಗೇಮ್ ಒಂದರಲ್ಲಿ ಗುಂಡಿನ ಶಕ್ತಿ ಬಿಟ್ಟು ಜನರ ಜೊತೆ ಮಾತಾಡುವ ಶಕ್ತಿಗೆ ನಾನು ಅಂಕ ಸುರಿದಿದ್ದು ಇದೇ ಮೊದಲು. ಸುರಿದದ್ದಕ್ಕೆ ಪ್ರತಿಫಲವೂ ಸಿಕ್ಕಿತು.

ಯಾಕೆಂದರೆ ಈ ಗೇಮಿನ ಜೀವ ಇರುವುದು ಠಾಣೆಯಲ್ಲಿ ಮತ್ತು ಬೀದಿಯಲ್ಲಿ. ಪ್ರತಿ ದೊಡ್ಡ ಕಾರ್ಯಾಚರಣೆಯ ನಡುವೆ ಠಾಣೆಗೆ ವಾಪಸ್ ಬರುತ್ತೇವೆ. ಕಿಷ್ಕಿಂಧೆಯಂಥ ಜಾಗ. ಫೋನು ಬಡಿದುಕೊಳ್ಳುತ್ತಿದೆ, ಕೋಳ ಹಾಕಿಸಿಕೊಂಡವರು ಬೆಂಚಿನ ಮೇಲೆ ಕೂಗಾಡುತ್ತಿದ್ದಾರೆ, ಪೊಲೀಸರಿಗೆ ನಿದ್ದೆ ಇಲ್ಲ, ಕಂಪನಿಗೆ ದುಡ್ಡು ಖರ್ಚು ಮಾಡುವ ಮನಸ್ಸಿಲ್ಲ. ಗಾಯಗೊಂಡ ಸಹೋದ್ಯೋಗಿಯೊಬ್ಬರು ಆಸ್ಪತ್ರೆಯಲ್ಲಿದ್ದಾರೆ. ಅವರು ಬೇಗ ಹುಷಾರಾಗಲಿ ಅಂತ ಶುಭಾಶಯದ ಕಾರ್ಡ್ ಕಳಿಸಬೇಕು, ಅದಕ್ಕೆ ಠಾಣೆಯಲ್ಲಿರುವ ಎಲ್ಲರ ಹತ್ತಿರ ಸಹಿ ಹಾಕಿಸಿಕೊಂಡು ಬರುವ ಕೆಲಸ ನಮ್ಮ ಪಾಲಿಗೆ. ಯೋಚನೆ ಮಾಡಿ. ಡೆಟ್ರಾಯಿಟ್‌ನ ಗೂಂಡಾಗಳೆಲ್ಲ ಹೆಸರು ಕೇಳಿ ನಡುಗುವ ಯಂತ್ರಮಾನವ ಒಂದು ಕಾರ್ಡ್ ಹಿಡಿದುಕೊಂಡು ಧಡ್ ಧಡ್ ಅಂತ ಮೇಜಿನಿಂದ ಮೇಜಿಗೆ ಹೋಗುತ್ತಾನೆ. ಸುಮ್ನೆ ಹಾಕಿದ ಕೆಲಸ ಅಂತ ಮೊದಲು ಅನಿಸಬಹುದು. ಆದರೆ ಆ ಕಾರ್ಡಿನ ನೆಪದಲ್ಲಿ ಠಾಣೆಯ ಒಬ್ಬೊಬ್ಬರ ಮುಖವೂ ಪರಿಚಯವಾಗುತ್ತದೆ. ಯಾರು ಇವನನ್ನು ಮನುಷ್ಯ ಅಂತ ನೋಡುತ್ತಾರೆ, ಯಾರು ಕಂಪನಿಯ ಯಂತ್ರ ಅಂತ ನೋಡುತ್ತಾರೆ ಅನ್ನುವುದು ಅವರ ಒಂದೆರಡು ಮಾತಿನಲ್ಲೇ ತಿಳಿದುಬಿಡುತ್ತದೆ. ಕಾರ್ಡ್ ಹಿಡಿದು ಓಡಾಡುತ್ತಾ ಓಡಾಡುತ್ತಾ ಅವನೂ ಆ ಠಾಣೆಯವನೇ ಆಗಿಬಿಡುತ್ತಾನೆ.

ಬೀದಿಗೆ ಇಳಿದರೆ ಇನ್ನೂ ಚೆಂದ. ಪೂರ್ತಿ ತೆರೆದ ನಗರ ಅಲ್ಲ, ಡೆಟ್ರಾಯಿಟ್‌ನ ಕೆಲವೇ ಬೀದಿಗಳು. ಮಳೆ ಬಿದ್ದು ನೆನೆದ ಟಾರು ರಸ್ತೆ, ಅದರಲ್ಲಿ ಅಂಗಡಿ ದೀಪದ ಕೆಂಪು ನೀಲಿ ನೆರಳು, ಚರಂಡಿಯಿಂದ ಏಳುವ ಹಬೆ. ಅನ್‌ರಿಯಲ್ ಎಂಜಿನ್ 5 ಅನ್ನುವ, ಗೇಮ್ ಕಟ್ಟುವ ಸಾಫ್ಟ್‌ವೇರ್ ಬಳಸಿದ್ದಾರೆ, ಅದರ ಬೆಳಕಿನ ಕೆಲಸ ಇಲ್ಲಿ ಚೆನ್ನಾಗಿ ಕಾಣುತ್ತದೆ. ಈ ಬೀದಿಯಲ್ಲಿ ಮಾಡುವ ಕೆಲಸ ಏನು ಗೊತ್ತಾ? ಅಡ್ಡಾದಿಡ್ಡಿ ನಿಲ್ಲಿಸಿದ ಕಾರುಗಳಿಗೆ ದಂಡ ಹಾಕುವುದು. ಗೋಡೆ ಮೇಲೆ ಗೀಚುವವರನ್ನು ತಡೆಯುವುದು. ಜಗಳ ಬಿಡಿಸುವುದು. ಸಣ್ಣ ತಪ್ಪು ಮಾಡಿದವರು ಸಿಕ್ಕಿಬಿದ್ದಾಗ ದಂಡದ ಚೀಟಿ ಹರಿದು ಕೊಡಬೇಕೋ, ಬುದ್ಧಿ ಹೇಳಿ ಬಿಡಬೇಕೋ ಅನ್ನುವುದು ನಮಗೆ ಬಿಟ್ಟದ್ದು. ಕಾನೂನು ಎತ್ತಿಹಿಡಿಯುವುದು ಒಂದು, ಜನರ ನಂಬಿಕೆ ಉಳಿಸಿಕೊಳ್ಳುವುದು ಇನ್ನೊಂದು. ಇವೆರಡೂ ಸಿನಿಮಾದಲ್ಲಿ ರೋಬೋಕಾಪ್‌ನ ತಲೆಯೊಳಗೆ ಬರೆದಿಟ್ಟ ನಿಯಮಗಳೇ. ಗೇಮ್ ಅವನ್ನು ನಮ್ಮ ಕೈಗೆ ಕೊಟ್ಟು, ಈ ಬಡಪಾಯಿಯ ವಿಷಯದಲ್ಲಿ ಯಾವುದನ್ನು ಪಾಲಿಸುತ್ತೀಯಾ ಅಂತ ಕೇಳುತ್ತದೆ. ನಾನು ಮೊದಲು ಎಲ್ಲರಿಗೂ ದಂಡ ಹಾಕುತ್ತಿದ್ದೆ. ಆಮೇಲಾಮೇಲೆ ಒಬ್ಬೊಬ್ಬರ ಮಾತು ಕೇಳಿ ನಿಂತು ಯೋಚಿಸತೊಡಗಿದೆ.

ನಮ್ಮ ಕಡೆ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದಾಗ ಎದೆ ಧಸಕ್ ಅನ್ನುತ್ತದಲ್ಲ, ಆ ಕೈಯ ಹಿಂದೆ ಇರುವವನಿಗೆ ಏನನಿಸುತ್ತಿರುತ್ತದೆ ಅಂತ ನಾನು ಯೋಚಿಸಿದ್ದು ಕಡಿಮೆ. ಬಿಸಿಲಲ್ಲಿ ನಿಂತು ದಿನಕ್ಕೆ ನೂರಾರು ಜನರ ನೆಪ ಕೇಳುವ ಕೆಲಸ. ಈ ಗೇಮ್ ಆಡುವಾಗ ಅದು ನೆನಪಾಯಿತು.

ಇಲ್ಲಿ ಪೀಟರ್ ವೆಲ್ಲರ್ ಬಗ್ಗೆ ಹೇಳಲೇಬೇಕು. ರೋಬೋಕಾಪ್‌ಗೆ ಧ್ವನಿ ಕೊಟ್ಟಿರುವುದು ಅವರೇ, ಮುಖವೂ ಅವರದ್ದೇ. ಮೂರನೇ ಸಿನಿಮಾದಲ್ಲಿ ಅವರು ಇರಲಿಲ್ಲ, ಆ ಪಾತ್ರ ಬೇರೆ ನಟನಿಗೆ ಹೋಗಿತ್ತು. ಅಂದರೆ ಎರಡನೇ ಸಿನಿಮಾ ಆದ 33 ವರ್ಷದ ಮೇಲೆ ಅವರು ಈ ಕಥೆಯನ್ನು ಮುಂದುವರಿಸಿದ್ದಾರೆ. ನಡುವೆ ಅವರು ಇಟಲಿಯ ಪುನರುಜ್ಜೀವನ ಕಾಲದ ಕಲೆಯ ಮೇಲೆ ಡಾಕ್ಟರೇಟ್ ಕೂಡ ಮಾಡಿಕೊಂಡರು. ಗೇಮ್ ಬರುವ ಹೊತ್ತಿಗೆ ಅವರಿಗೆ 76 ವರ್ಷ. ಧ್ವನಿಯಲ್ಲಿ ವಯಸ್ಸು ಸ್ವಲ್ಪ ಕೇಳಿಸುತ್ತದೆ, ಆದರೆ ಅದು ಪಾತ್ರಕ್ಕೆ ಒಪ್ಪುತ್ತದೆ. ಭಾವನೆಯೇ ಇಲ್ಲದ ಹಾಗೆ ಮಾತಾಡಬೇಕು, ಆ ಒಣ ಮಾತಿನ ಕೆಳಗೆ ಒಬ್ಬ ಮನುಷ್ಯ ಇದ್ದಾನೆ ಅಂತಲೂ ಕೇಳುವವರಿಗೆ ಗೊತ್ತಾಗಬೇಕು. ಇದು ಸುಲಭದ ಕೆಲಸ ಅಲ್ಲ. ಕಥೆಯಲ್ಲಿ ಒಲಿವಿಯಾ ಬ್ಲಾಂಚ್ ಅನ್ನುವ ಮನೋವೈದ್ಯೆ ಬರುತ್ತಾರೆ. ರೋಬೋಕಾಪ್‌ಗೆ ಕೆಲಸದ ನಡುವೆ ಹಳೆಯ ನೆನಪುಗಳು ನುಗ್ಗಿ ತಲೆ ಕೆಡುತ್ತಿರುವುದರಿಂದ ಕಂಪನಿಯವರು ಈ ವೈದ್ಯೆಯ ಮುಂದೆ ಕೂರಿಸುತ್ತಾರೆ. ಆಕೆ ಕೇಳುತ್ತಾ ಹೋಗುತ್ತಾರೆ, ನೀನು ಮರ್ಫಿಯಾ, ಯಂತ್ರವಾ, ನಿನ್ನನ್ನು ಏನು ಅಂದುಕೊಂಡಿದ್ದೀಯಾ ಅಂತ. ಉತ್ತರ ಆರಿಸಬೇಕಾದವರು ನಾವು. ಮೊದಲ ಸಲ ಆ ಕೋಣೆಯಲ್ಲಿ ಒಂದು ಪ್ರಶ್ನೆಗೆ ಏನು ಒತ್ತಬೇಕು ಅಂತ ತಿಳಿಯದೆ ಸುಮಾರು ಹೊತ್ತು ಕೂತೆ. ಎರಡನೇ ಸಲ ಆಡಿದಾಗ ಬೇರೆ ಉತ್ತರ ಕೊಟ್ಟೆ, ಅದೂ ಸರಿ ಅನಿಸಿತು.

ಬರೀ ಹೊಗಳಿದರೆ ಆಗುವುದಿಲ್ಲ, ಕೊರತೆಗಳೂ ಇವೆ. ರೋಬೋಕಾಪ್ ಹೆಲ್ಮೆಟ್ ಹಾಕಿರುವುದರಿಂದ ಬಚಾವ್, ಉಳಿದವರ ಮುಖಗಳು ಮರದ ಗೊಂಬೆಯ ಹಾಗಿವೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ಲೂಯಿಸ್ ಪಾತ್ರಕ್ಕೆ ಸಿನಿಮಾದ ನಟಿ ನ್ಯಾನ್ಸಿ ಆಲನ್ ಅವರ ಮುಖದ ಹೋಲಿಕೆ ತಂದಿದ್ದಾರೆ, ಆದರೆ ಆ ಮುಖದಲ್ಲಿದ್ದ ಮೃದುತನ ಬಂದಿಲ್ಲ. ಮುಖ್ಯ ಖಳನಾಯಕ ಕಥೆಯ ನಡುವೆ ಸಪ್ಪೆಯಾಗುತ್ತಾನೆ. ಮೊದಲ ಸಿನಿಮಾದ ಖಳರನ್ನು ನೋಡಿದವರಿಗೆ ಇವನು ಸಾಲದು. ಕೊನೆಯ ಮೂರನೇ ಒಂದು ಭಾಗದಲ್ಲಿ ಕೋಣೆಯಿಂದ ಕೋಣೆಗೆ ಅದೇ ಗುಂಡಿನ ಕಾಳಗ ಜಾಸ್ತಿಯಾಗುತ್ತದೆ, ಬೀದಿಯ ಕೆಲಸಗಳು ಕಡಿಮೆಯಾಗುತ್ತವೆ. ನನಗೆ ಠಾಣೆಗೆ ಯಾವಾಗ ವಾಪಸ್ ಹೋಗುತ್ತೇನೋ ಅನಿಸುತ್ತಿತ್ತು. ಮೂಲೆ ಮೂಲೆ ಹುಡುಕಿ ಸಾಕ್ಷ್ಯದ ಸಾಮಾನು ಹೆಕ್ಕುವ ಕೆಲಸವೂ ಸ್ವಲ್ಪ ಹೊತ್ತಿಗೆ ಬೇಸರ ಬರುತ್ತದೆ. ಇಡಿ-209 ಅನ್ನುವ ದೈತ್ಯ ಯಂತ್ರದ ಜೊತೆಗಿನ ಕಾಳಗ ಮಾತ್ರ ಇದಕ್ಕೆ ಹೊರತು. ಸಿನಿಮಾದಲ್ಲಿ ಫಿಲ್ ಟಿಪ್ಪೆಟ್ ಅವರು ಒಂದೊಂದೇ ಚೌಕಟ್ಟಿನಲ್ಲಿ ಗೊಂಬೆ ಕದಲಿಸಿ ಜೀವ ಕೊಟ್ಟಿದ್ದ ಆ ಯಂತ್ರ ಇಲ್ಲಿ ಅದೇ ಥರ ಗುರುಗುಟ್ಟುತ್ತಾ ಎದುರು ಬಂದು ನಿಂತಾಗ ಮೈ ಜುಮ್ ಅನ್ನುತ್ತದೆ.

ಇನ್ನೊಂದು ಮುಖ್ಯ ವಿಷಯ. ಇದು ಮಕ್ಕಳ ಗೇಮ್ ಅಲ್ಲ. ರಕ್ತ ಧಾರಾಳವಾಗಿದೆ, ಕೈಕಾಲು ಹಾರುತ್ತವೆ, ಬೈಗುಳ, ಮಾದಕ ವಸ್ತು ಎಲ್ಲ ಇದೆ. ಸಿನಿಮಾವೂ ಹಾಗೇ ಇತ್ತು, ವೆರ್‌ಹೂವನ್ ಬೇಕೆಂದೇ ಅಷ್ಟು ಹಿಂಸೆ ಇಟ್ಟಿದ್ದರು. ದುಡ್ಡಿಗಾಗಿ ಊರನ್ನೇ ಮಾರುವವರ ಕಥೆಯನ್ನು ನುಣ್ಣಗೆ ಹೇಳಿದರೆ ಅದು ತಟ್ಟುತ್ತಿರಲಿಲ್ಲ. ಗೇಮಿನಲ್ಲೂ ನಡುನಡುವೆ ಟಿವಿ ಸುದ್ದಿ ಬರುತ್ತದೆ, ಊರು ಉರಿಯುತ್ತಿರುವ ಸುದ್ದಿಯನ್ನು ನಗುನಗುತ್ತಾ ಓದುತ್ತಾರೆ. ನನ್ನ ಅಕ್ಕನ ಮಗ ಎಂಟನೇ ಕ್ಲಾಸು, ರೋಬೋ ಅಂತ ಕೇಳಿದ ಕೂಡಲೇ "ಮಾವ, ನಂಗೂ ಕೊಡಿ" ಅಂದ. ಕೊಡಲಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಆಡಿ.

ಆಟ ಮುಗಿಯಲು ನನಗೆ ಹದಿನೇಳು ಗಂಟೆ ಹಿಡಿಯಿತು, ಸಣ್ಣಪುಟ್ಟ ಕೆಲಸಗಳನ್ನೆಲ್ಲ ಬಿಡದೆ ಮಾಡಿದ್ದರಿಂದ. ಅವಸರ ಮಾಡಿದರೆ ಇನ್ನೂ ಬೇಗ ಮುಗಿದೀತು, ಆದರೆ ಅವಸರ ಮಾಡಬೇಡಿ. ನೂರು ಗಂಟೆ ನುಂಗುವ ಗೇಮ್‌ಗಳ ಕಾಲದಲ್ಲಿ ಎರಡು ಮೂರು ವಾರಾಂತ್ಯಕ್ಕೆ ಮುಗಿಯುವ ಗೇಮ್ ಸಿಕ್ಕರೆ ಕೆಲಸಕ್ಕೆ ಹೋಗುವವರಿಗೆ ಎಷ್ಟು ಹಿತ ಅಲ್ವಾ. ಆಮೇಲೆ ಬಂದ ಅಪ್‌ಡೇಟ್‌ನಲ್ಲಿ, ಗಳಿಸಿದ ಶಕ್ತಿಗಳನ್ನು ಇಟ್ಟುಕೊಂಡೇ ಮೊದಲಿನಿಂದ ಆಡುವ ಅವಕಾಶವನ್ನೂ ಸೇರಿಸಿದ್ದಾರೆ. ಮಾತುಕತೆಯಲ್ಲಿ ಬೇರೆ ದಾರಿ ಹಿಡಿಯಲು ಅದು ಅನುಕೂಲ, ಕೊನೆಯಲ್ಲಿ ಯಾರ ಪಾಡು ಏನಾಯಿತು ಅನ್ನುವುದೂ ಅದರ ಮೇಲೆ ಬದಲಾಗುತ್ತದೆ. ಪಿಸಿಯಲ್ಲಿ ಆಡುವವರು ಒಂದು ಗಮನಿಸಿ, ಗ್ರಾಫಿಕ್ಸ್ ಕಾರ್ಡ್ ತೀರಾ ಹಳೆಯದಾದರೆ ಆ ಒದ್ದೆ ಬೀದಿಗಳು ತಡವರಿಸುತ್ತವೆ. ಎಸ್‌ಎಸ್‌ಡಿ ಅಂತೂ ಇರಲೇಬೇಕು ಅಂತ ನನ್ನ ಅನಿಸಿಕೆ. ಪೂರ್ತಿ ಬೆಲೆ ಕೊಟ್ಟು ಕೊಂಡರೂ ಬೇಸರ ಆಗುವುದಿಲ್ಲ, ಆದರೆ ಸೇಲ್‌ನಲ್ಲಿ ಆಗಾಗ ಸಾಕಷ್ಟು ಇಳಿಯುತ್ತದೆ, ಕಾಯುವುದಾದರೆ ಕಾಯಿರಿ.

2025ರ ಜುಲೈನಲ್ಲಿ 'ಅನ್‌ಫಿನಿಶ್ಡ್ ಬಿಸಿನೆಸ್' ಅನ್ನುವ ಇನ್ನೊಂದು ಭಾಗ ಬಂತು. ಮೊದಲ ಗೇಮ್ ಇಲ್ಲದೆಯೂ ಅದನ್ನು ಆಡಬಹುದು. ಓಮ್ನಿ ಟವರ್ ಅನ್ನುವ ದೊಡ್ಡ ವಸತಿ ಕಟ್ಟಡವನ್ನು ಕೂಲಿ ಸೈನಿಕರು ಹಿಡಿದುಕೊಂಡಿದ್ದಾರೆ, ಕೆಳಗಿನಿಂದ ಮೇಲಕ್ಕೆ ಮಹಡಿ ಮಹಡಿ ಹತ್ತಬೇಕು. ಒಂದು ಕಡೆ ಯಂತ್ರವಾಗುವ ಮೊದಲಿನ ಅಲೆಕ್ಸ್ ಮರ್ಫಿಯಾಗಿ ಆಡುವ ಅವಕಾಶ ಸಿಗುತ್ತದೆ. ಅದು ಚೆನ್ನಾಗಿದೆ, ಅಷ್ಟು ಹೊತ್ತು ಉಕ್ಕಿನೊಳಗೆ ಇದ್ದು ಆಮೇಲೆ ಸಾಮಾನ್ಯ ಮನುಷ್ಯನ ಮೈಯಲ್ಲಿ ಗುಂಡಿಗೆ ಹೆದರಿಕೊಂಡು ಓಡಾಡುವಾಗ ಎಲ್ಲವೂ ಬೇರೆ ಥರ ಕಾಣುತ್ತದೆ. ಆದರೆ ಅಲ್ಲಿ ಹೊಡೆದಾಟವೇ ಜಾಸ್ತಿ, ಠಾಣೆಯ ಆ ಸಂಸಾರ ಇಲ್ಲ. ಹಾಗಾಗಿ ಮೊದಲು ರೋಗ್ ಸಿಟಿ ಆಡಿ, ಇಷ್ಟವಾದರೆ ಅದಕ್ಕೆ ಹೋಗಿ.

ಟೇಯಾನ್‌ನವರಿಗಿಂತ ಹತ್ತು ಪಟ್ಟು ದುಡ್ಡಿರುವವರು ಸಿನಿಮಾ ಹೆಸರು ಕೊಂಡು ಅದರ ಹೊಡೆದಾಟವನ್ನಷ್ಟೇ ತೆಗೆದುಕೊಂಡು ಹೋಗಿದ್ದನ್ನು ನೋಡಿದ್ದೇವೆ. ಇವರು ಆ ಸಿನಿಮಾವನ್ನು ಕೂತು ನೋಡಿ ಬೇರೊಂದು ಪ್ರಶ್ನೆ ಕೇಳಿಕೊಂಡಿದ್ದಾರೆ. ಗೂಂಡಾಗಳು ಯಾರೂ ಇಲ್ಲದ ಒಂದು ಸಾಧಾರಣ ಮಂಗಳವಾರ ಈ ರೋಬೋಕಾಪ್ ಏನು ಮಾಡುತ್ತಿರುತ್ತಾನೆ? ಎಲ್ಲಿ ನಿಲ್ಲುತ್ತಾನೆ, ಯಾರ ಜೊತೆ ಮಾತಾಡುತ್ತಾನೆ? ಆ ಕಾರ್ಡ್, ಆ ಕೌಂಟರು, ಆ ದಂಡದ ಚೀಟಿ ಎಲ್ಲ ಬಂದಿರುವುದು ಅಲ್ಲಿಂದ ಅಂತ ನನ್ನ ನಂಬಿಕೆ.

ತಮ್ಮ ಕೊನೆಗೂ ಕೊಂಡ. ಹೋದ ಶನಿವಾರ ಶುರುಮಾಡಿದ್ದಾನೆ. ಎರಡು ದಿನ ಸುದ್ದಿಯೇ ಇರಲಿಲ್ಲ. ಸೋಮವಾರ ರಾತ್ರಿ ಹನ್ನೆರಡೂವರೆಗೆ ಅವನ ಮೆಸೇಜ್ ಬಂತು: "ಅಣ್ಣ, ಕಾರ್ಡಿಗೆ ಇನ್ನೊಂದು ಸಹಿ ಬಾಕಿ ಇದೆ. ಠಾಣೆಯೆಲ್ಲ ಸುತ್ತಿದೆ, ಸಿಗ್ತಿಲ್ಲ. ಯಾರದ್ದು ಅಂತ ಹೇಳ್ಬೇಡ, ನಾನೇ ಹುಡುಕ್ತೀನಿ."